ಕನ್ಯಾ ಮೈನರ್

ಹಿರೇಕೆರೂರಿನವರು ನಮ್ಮ ಮನೆಗೆ ಕನ್ಯಾ ನೋಡಲು ಬಂದಾಗ ನನಗೆ ಇಪ್ಪತ್ನಾಲ್ಕು ತುಂಬಿತ್ತು. ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಬಸ್ಸಿನಲ್ಲಿ ಹೋಗಿ ಕೀಬೋರ್ಡ್ ಕಲಿಯುತ್ತಿದ್ದೆ. ಅಪ್ಪನ ಬಾಯಲ್ಲಿ ಅದು ಬರೀ 'ಪೆಟಿಗಿ'. ಲಗ್ನವಾದರೆ ಪೆಟಿಗಿಯ ಹುಚ್ಚು ತಾನೇ ಬಿಡುತ್ತದೆ ಎಂದು ಅವನು ಕಾಯುತ್ತಿದ್ದ. ನನಗೋ ಅದನ್ನು ಬಿಡಲು ಸುತರಾಂ ಮನಸ್ಸಿರಲಿಲ್ಲ.

ಆ ವಾರವಷ್ಟೇ ಮೈನರ್ ಸ್ಕೇಲ್ ನನ್ನ ತಲೆಗೆ ಹತ್ತಿತ್ತು. ಬಿಳಿ ಪಟ್ಟಿಗಳನ್ನೇ 'ಸ'ದಿಂದ ಹಿಡಿದು ನುಡಿಸಿದರೆ ಮೇಜರ್. ಅವೇ ಪಟ್ಟಿಗಳನ್ನು 'ದ'ದಿಂದ ಶುರು ಮಾಡಿದರೆ ಮೈನರ್. ಕರಿ ಪಟ್ಟಿ ಒಂದನ್ನೂ ಮುಟ್ಟುವುದಿಲ್ಲ, ಆದರೂ ನಗುತ್ತಿದ್ದ ಹಾಡು ಅಳತೊಡಗುತ್ತದೆ. ಇವೆರಡೂ ಒಂದೇ ಬಳಗದವು ಎನ್ನುತ್ತಿದ್ದರು ನಮ್ಮ ಸರ್. ಈ ಹೊಸ ಜ್ಞಾನವನ್ನು ಯಾರ ಮೇಲಾದರೂ ಪ್ರಯೋಗಿಸಲು ಕೈ ತುರಿಸುತ್ತಿತ್ತು.

ಅವಲಕ್ಕಿ, ಚಹಾ ಆಯಿತು. ವರನ ತಾಯಿ ಏನಾದರೂ ನುಡಿಸು ಅಂದರು. ನುಡಿಸಿದೆ. ವರನ ಅಜ್ಜ ಕಣ್ಣೊರೆಸಿಕೊಂಡರು.

"ಚಲೋ ಐತವಾ. ಆದ್ರ ಯಾಕ ಇಷ್ಟ ಅಳಸ್ತೈತಿ?"

"ಮೈನರ್ ರೀ ಅಜ್ಜಾರ."

ಅಜ್ಜನ ಕೈಯಲ್ಲಿದ್ದ ಅವಲಕ್ಕಿ ಬಾಯಿಯ ಹತ್ತಿರವೇ ನಿಂತಿತು. ಅಪ್ಪನ ಕಡೆ ತಿರುಗಿದರು.

"ಏನ್ರಿ, ಕನ್ಯಾ ಮೈನರ? ಮೊದ್ಲ ಹೇಳಬಾರದನ್ರಿ? ನಮ್ಮನ್ನ ಜೇಲಿಗೆ ಕಳಸಾಕ ಕರಿಸೀರೇನು?"

"ಇಲ್ರಿ, ಡಿಗ್ರಿ ಮುಗಿಸ್ಯಾಳ್ರಿ," ಎಂದು ಅಪ್ಪ ಬೆವರಿದ.

"ತನ್ನ ಬಾಯಿಲೆ ತಾನ ಅಂದ್ಲಲ್ರಿ!"

ನಾನು ಸುಮ್ಮನಿದ್ದರೆ ಆಗುತ್ತಿತ್ತು. "ಗಾಬರಿ ಆಗಬ್ಯಾಡ್ರಿ ಅಜ್ಜಾರ. ಮೈನರ್ ಜೋಡಿ ಒಂದು ಮೇಜರ್ ಇದ್ದ ಇರತೈತ್ರಿ. ಎರಡೂ ಒಂದ ಮನಿತನದವು," ಅಂದೆ.

ಅಜ್ಜ ಎದ್ದೇ ನಿಂತರು. "ಹಂಗಾರ ತೋರಸೋದು ಒಬ್ಬಾಕಿನ್ನ, ಕೊಡೋದು ಇನ್ನೊಬ್ಬಾಕಿನ್ನೇನು?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದಳು. ನಾನು ಅಜ್ಜನನ್ನು ಪಕ್ಕದಲ್ಲೇ ಕೂರಿಸಿಕೊಂಡು 'ಸ'ದಿಂದ ಒಂದು ಸಲ, 'ದ'ದಿಂದ ಒಂದು ಸಲ ನುಡಿಸಿ ತೋರಿಸಿದೆ. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅವರ ಮೇಲೆ ಅಕ್ಕರೆ ಬಂತು.

ಆಗ ವರನ ತಾಯಿ ಅಂದರು, "ಎಲ್ಲಾ ಚಲೋ ಆತು. ಆದ್ರ ಲಗ್ನ ಆದಮ್ಯಾಗ ಈ ಪೆಟಿಗಿ ಇಲ್ಲೇ ಬಿಟ್ಟು ಬರಬೇಕವಾ. ಒಪ್ಪಿಗಿ ಹೌದಿಲ್ಲೋ?"

ವರ ಹೊಸ್ತಿಲಾಚೆ ಬಿಟ್ಟಿದ್ದ ತನ್ನ ಚಪ್ಪಲಿ ನೋಡುತ್ತಿದ್ದ. ಅಪ್ಪ ನನ್ನ ಪರವಾಗಿ ಆಗಲೇ ತಲೆಯಾಡಿಸುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು, ಜೊತೆಗೆ ಅಳುವೂ ಬಂತು. ಬೆರಳು ಇನ್ನೂ 'ದ' ಪಟ್ಟಿಯ ಮೇಲೇ ಇತ್ತು.

"ಅಜ್ಜಾರ ಅಂದದ್ದ ಖರೇ ರೀ," ಅಂದೆ. "ನಾ ಮೈನರ್. ನನ್ನ ಒಪ್ಪಿಗಿ ನಡ್ಯಂಗಿಲ್ರಿ."