ಇಂಪಾದ ಕಾಗೆ

ಏಳನೇ ಕ್ಲಾಸಿನಲ್ಲಿ ನಮ್ಮ ಶಾಲೆಯವರು ಆಡಿಸಿದ ಹಾಡಿನ ನಾಟಕದಲ್ಲಿ ಕಾಗೆಯ ಪಾತ್ರ ಸಿಕ್ಕಿದ್ದು ಶಾಲೆಯಲ್ಲೇ ಅತಿ ಇಂಪಾದ ಕಂಠದವಳಿಗೆ. ಹೀಗೆಲ್ಲ ತಲೆ ಓಡುವುದು ದೊಡ್ಡವರಿಗೆ ಮಾತ್ರ. ಕಾಡಿನ ಹಕ್ಕಿಗಳೆಲ್ಲ ಸೇರಿ ಕಾಗೆಯ ಒರಟು ದನಿಯನ್ನು ಹಂಗಿಸಿ ಗುಂಪಿನಿಂದ ಹೊರಗೆ ಹಾಕುತ್ತವೆ. ಆಮೇಲೆ ಒಂದು ಗಿಳಿಮರಿ ದಾರಿ ತಪ್ಪಿದಾಗ ಆ ದನಿಯೇ ಅದನ್ನು ಗೂಡು ಸೇರಿಸುತ್ತದೆ. ಯಾರನ್ನೂ ಹಂಗಿಸಬಾರದು ಎಂಬುದು ನೀತಿ. ಆ ನೀತಿಯನ್ನು ಅಭ್ಯಾಸ ಮಾಡುವ ಕೋಣೆಯಲ್ಲೇ ನನ್ನನ್ನು ದಿನಾ ಹಂಗಿಸುತ್ತಿದ್ದರು.

ನನ್ನದು ದಪ್ಪ ದನಿ. ಈಗಲೂ ಫೋನಿನಲ್ಲಿ ‘ಹೇಳಿ ಸರ್’ ಅನ್ನುವವರಿದ್ದಾರೆ, ನಾನು ತಿದ್ದಲು ಹೋಗುವುದಿಲ್ಲ. ಆಗ ನನ್ನ ಹೆಸರು ‘ಲಾರಿ’. ಇಟ್ಟವಳು ಆ ಕಾಗೆಯೇ. ಅವಳ ಅಪ್ಪನದು ಕೊಪ್ಪ ಪೇಟೆಯಲ್ಲಿ ಬಟ್ಟೆ ಅಂಗಡಿ. ನಾನು ಹಿರೇಕೊಡಿಗೆ ಕಡೆಯಿಂದ ಬಸ್ಸಿಗೆ ಬರುವವಳು. ನಾನು ಬಾಗಿಲಲ್ಲಿ ಕಂಡರೆ ಸಾಕು, ಅವಳು ಗೇರ್ ಹಾಕುವಂತೆ ಕೈ ಎಳೆದು ‘ಗುರ್ರ್’ ಅನ್ನುತ್ತಿದ್ದಳು. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹಾರ್ಮೋನಿಯಂ ಮೇಷ್ಟ್ರು ಕೆಟ್ಟವರಲ್ಲ. “ನೀನು ಹಿಂದೆ ನಿಂತು ಬರೀ ಬಾಯಾಡಿಸು ಮಾರಾಯ್ತಿ, ಶ್ರುತಿ ಕೆಡ್ತದೆ” ಎಂದು ಮೆಲ್ಲಗೇ ಹೇಳಿದರು. ಮೆಲ್ಲಗೆ ಹೇಳಿದರೂ ಚುಚ್ಚುವುದು ಚುಚ್ಚುತ್ತದೆ. ಕಾಗೆಯ ಹಾಡು ನನಗೆ ಪೂರ್ತಿ ಬಾಯಿಪಾಠವಾಗಿತ್ತು. ಒಂದೇ ಒಂದು ಸಲ, ಜನರೆದುರು, ನನ್ನ ದನಿಯಲ್ಲೇ ಅದನ್ನು ಹಾಡಬೇಕು ಅನ್ನುವುದು ಬಿಟ್ಟರೆ ಆ ವರ್ಷ ನನಗೆ ಬೇರೆ ಆಸೆ ಇರಲಿಲ್ಲ.

ಮನೆಯಲ್ಲಿ ಮಾತ್ರ ಈ ದನಿಗೆ ಬೆಲೆಯಿತ್ತು. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ಗುಡ್ಡ ಅಡ್ಡ. ಸೊಪ್ಪಿಗೋ ದನ ಹುಡುಕಲೋ ಕಾಡಿಗೆ ಹೋದವರು ದಾರಿ ತಪ್ಪಿದರೆ ‘ಕೂ...’ ಎಂದು ಕೂಗು ಹಾಕುತ್ತಾರೆ. ಕೇಳಿಸಿಕೊಂಡವರು ಊಟಕ್ಕೆ ಕೂತಿದ್ದರೂ ತಿರುಗಿ ‘ಕೂ’ ಎಂದು ಓಗೊಡಲೇಬೇಕು. ಸುಮ್ಮನಿದ್ದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನನ್ನ ಕೂಗು ಆಚೆ ಗುಡ್ಡದ ಮನೆಗೂ ಮುಟ್ಟುತ್ತಿತ್ತು.

ನಾಟಕದ ಸಂಜೆ ಶಾಲೆಯ ಅಂಗಳ ತುಂಬಿತ್ತು. ಅಪ್ಪಂದಿರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದರು. ಗಿಳಿಮರಿ ಕಳೆದುಹೋಯಿತು, ಕಾಗೆ ಮುಂದೆ ಬಂದು ನಿಂತಳು, ಹಾರ್ಮೋನಿಯಂ ಶುರುವಾಯಿತು. ಅವಳ ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ. ಮೇಷ್ಟ್ರು ಮೊದಲ ಸಾಲನ್ನು ಮತ್ತೆ ಮತ್ತೆ ನುಡಿಸಿದರು. ಮುಂದಿನ ಸಾಲಿನ ಹುಡುಗರು ‘ಕಾ ಕಾ’ ಎಂದು ನಗತೊಡಗಿದರು. ಅವಳ ಕಣ್ಣು ತುಂಬಿತು.

ಆ ನಗು ನನಗೆ ಚೆನ್ನಾಗಿ ಗೊತ್ತಿದ್ದ ನಗು. ನಗುವವರ ಮೇಲೆ ಮೈಯೆಲ್ಲ ಉರಿಯಿತು. ಅವಳ ಮೇಲಿನ ಕೋಪವೂ ಅಲ್ಲೇ ಇತ್ತು, ಅದು ಬೇರೆ ವಿಚಾರ. ಹಿಂದಿನ ಸಾಲಿನಿಂದಲೇ, ಹೊಟ್ಟೆಯಾಳದಿಂದ, ‘ಕೂ...’ ಎಂದು ಕೂಗಿಬಿಟ್ಟೆ.

ಅಂಗಳದ ಹಿಂದಿನ ಅರ್ಧ ‘ಕೂ...’ ಎಂದು ಓಗೊಟ್ಟಿತು! ಹಳ್ಳಿಗಳಿಂದ ಬಂದಿದ್ದ ಅಜ್ಜಂದಿರು, ಅಮ್ಮಂದಿರು, ಸೊಸೈಟಿ ಅಧ್ಯಕ್ಷರು, ಎಲ್ಲರೂ. ನಾಟಕ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದು ಬಿದ್ದು ನಕ್ಕರು. ಕಾಗೆಗೂ ಕಣ್ಣೀರಿನ ನಡುವೆ ನಗು ಬಂತು, ನಗುವಿನ ಜೊತೆ ದನಿಯೂ ಬಂತು. ಅವಳು ಹಾಡಿದಳು. ನಾನು ಬಿಡುತ್ತೇನೆಯೇ? ಹಿಂದಿನಿಂದ ನನ್ನ ದನಿಯನ್ನೂ ಕೂಡಿಸಿದೆ.

ತೆರೆ ಬಿದ್ದ ಮೇಲೆ ಅವಳು ಹತ್ತಿರ ಬಂದು, “ಎಂತಕ್ಕೆ ಕೂಗಿದ್ದೇ?” ಅಂದಳು.

“ನೀನು ಕಳೆದುಹೋಗಿದ್ಯಲ್ಲ” ಅಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಮುಂದಿನ ಭಾನುವಾರ ಕೂಗು ಕಲಿಯಲು ನಮ್ಮ ಮನೆಗೇ ಬಂದಳು. ಎಷ್ಟು ಕಲಿಸಿದರೂ ಅವಳ ‘ಕೂ’ ಕುಕ್ಕರ್ ಸೀಟಿಯೇ.

ಅದೇ ನಾಟಕವನ್ನು ಶೃಂಗೇರಿಯಲ್ಲೂ ಆಡುವುದೆಂದಾಯಿತು. ಅಭ್ಯಾಸದ ಮೊದಲ ದಿನ ಅವಳು ಎದ್ದು ನಿಂತು, “ಸರ್, ಕಾಗೆ ಇವಳೇ ಆಗ್ಲಿ. ನಾನು ಮರಿ ಆಗ್ತೀನಿ. ಇವಳು ಕರೆದ್ರೆ ಹೆದರಿಕೆ ಹೋಗ್ತದೆ” ಅಂದಳು. ಕೋಣೆಯಲ್ಲಿ ಯಾರೂ ನಗಲಿಲ್ಲ. ಮೇಷ್ಟ್ರು ನನ್ನ ಮುಖ ನೋಡಿ, ಹಾರ್ಮೋನಿಯಂ ಎಳೆದುಕೊಂಡು, ನನ್ನ ದನಿಗೆ ಒಗ್ಗುವ ಕೆಳಗಿನ ಶ್ರುತಿಯ ಮನೆ ಹುಡುಕತೊಡಗಿದರು.

ಶೃಂಗೇರಿಯಲ್ಲಿ ಆ ಹಾಡನ್ನು ಮೊದಲಿಂದ ಕೊನೆಯವರೆಗೆ ನಾನೊಬ್ಬಳೇ ಹಾಡಿದೆ. ಹಾಡುವಾಗ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ದನಿ ಮಾತ್ರ ಒಂದಿಷ್ಟೂ ನಡುಗಲಿಲ್ಲ.