ಅಕ್ಕನ ಸೈಕಲ್ಲಿಗೆ ಎರಡು ಅಳತೆ

"ಹತ್ತೋದೇನು ಮಹಾ, ಸರ್ಕಸ್ಸಿನ ಕೋತಿನೂ ಹತ್ತುತ್ತೆ. ನೀನು ಇಳಿದು ತೋರಿಸವ್ವಾ."

ಬೀರೂರಿನ ಕಲ್ಲೇಶಪ್ಪ ನಮ್ಮ ಅಕ್ಕ ಗಿರಿಜೆಗೆ ಹೇಳಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಕೂತ್ಕೊಳ್ಳಿ ಇಲ್ಲ, ಯಾವೂರು ಅಂತ ಕೇಳಿದ್ದೂ ಇಲ್ಲ. ಅಕ್ಕ ತಬ್ಬಿಬ್ಬಾಗಿ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿದರು. ನಾನು ಡೈರಿ ತೆಗೆದು ಅವತ್ತಿನ ತಾರೀಖು ಹಾಕುತ್ತಿದ್ದೆ. (ನನ್ನ ಈ ಕಾಯಿಲೆ ನಿಮಗೆ ಹೊಸದಲ್ಲ. ರೈಲ್ವೆ ಗೇಟಿನಲ್ಲಿ ನಿಂತ ಸೈಕಲ್ಲುಗಳನ್ನು ಎಣಿಸಿ ಒಂದಿಡೀ ಅಂಕಣ ಬರೆದಾಗ ನೀವೇ ಬೈದಿದ್ದೀರಿ.)

ಎಣಿಸುವವನಾದ್ದರಿಂದಲೇ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಗೇಟಿನಲ್ಲಿ ನಿಲ್ಲುವ ಸೈಕಲ್ಲುಗಳೆಲ್ಲ ಒಂದೇ ಥರ. ಕಪ್ಪು ಬಣ್ಣ, ಅದೇ ಎತ್ತರ, ಅದೇ ನಡುವಿನ ಬಾರು. ಮನುಷ್ಯರು ಮಾತ್ರ ಉದ್ದ, ಗಿಡ್ಡ, ದಪ್ಪ, ಸಣ್ಣ. ಚಪ್ಪಲಿ ಕೊಳ್ಳುವಾಗ ನಂಬರ್ ಕೇಳುವ ನಾವು ಸೈಕಲ್ ಕೊಳ್ಳುವಾಗ ಬಣ್ಣವನ್ನೂ ಕೇಳುವುದಿಲ್ಲ. ಯಾಕೆ? ಅಂಗಡಿಯಲ್ಲಿ ಇರುವುದೇ ಅದು. ಅದಕ್ಕೆ ಹೊಂದಿಕೊಳ್ಳಬೇಕಾದವರು ನಾವು.

ಕಲ್ಲೇಶಪ್ಪ ಇದನ್ನು ಒಪ್ಪದ ಮನುಷ್ಯ. ಬೀರೂರು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಅವರ ಶೆಡ್ಡು. ಬಾಗಿಲಲ್ಲೇ ಬೋರ್ಡು: "ಇಲ್ಲಿ ಪಂಚರ್ ಹಾಕುವುದಿಲ್ಲ. ಗಾಳಿಯೂ ಇಲ್ಲ." ಅವರು ಮಾಡುವುದು ಒಂದೇ ಕೆಲಸ. ಪೈಪು ಕತ್ತರಿಸಿ, ಮೂಲೆಗಳನ್ನು ಅರದಿಂದ ಉಜ್ಜಿ, ಹಿತ್ತಾಳೆ ಕಾಯಿಸಿ ಬೆಸೆದು, ಒಬ್ಬೊಬ್ಬರಿಗೆ ಒಂದೊಂದು ಫ್ರೇಮು ಕಟ್ಟಿಕೊಡುವುದು. ಚಕ್ರ, ಚೈನು, ಸೀಟು ನಿಮ್ಮ ಹಳೇ ಸೈಕಲ್ಲಿನದೇ ಇರಲಿ. ಎಲುಬಿನ ಗೂಡು ಮಾತ್ರ ಅವರದು.

ಅವರು ಕಟ್ಟಿದ ಫ್ರೇಮುಗಳನ್ನು ನೋಡಿದ್ದೀರಾ? ಹಾಲಿನವರದ್ದು ಹಿಂದಕ್ಕೆ ಉದ್ದ, ತುಳಿಯುವಾಗ ಹಿಮ್ಮಡಿ ಕ್ಯಾನಿಗೆ ಬಡಿಯಬಾರದಲ್ಲ. ಅಜ್ಜಂಪುರದ ಸಂತೆಗೆ ಈರುಳ್ಳಿ ಚೀಲ ಹೇರುವವರದ್ದು ಹೊಟ್ಟೆ ತಗ್ಗು. ಊರೂರಿನ ಮೈದಾನದಲ್ಲಿ ದಿನಗಟ್ಟಲೆ ಇಳಿಯದೆ ಸೈಕಲ್ ತುಳಿದು, ಅದರ ಮೇಲೇ ಸ್ನಾನ ಮಾಡಿ, ಅದರ ಮೇಲೇ ಊಟ ಮಾಡುವ ಒಬ್ಬ ಸಾಹಸಿ ಇದ್ದಾನಲ್ಲ, ಅವನದ್ದು ಹೆಚ್ಚುಕಡಿಮೆ ಈಸಿ ಚೇರು. ತರೀಕೆರೆಯ ಒಬ್ಬ ಹುಡುಗ ನಿಧಾನ ಸೈಕಲ್ ಸ್ಪರ್ಧೆಗೆ ಅಂತಲೇ ಒಂದು ಮಾಡಿಸಿಕೊಂಡ. ಓಡುವುದಕ್ಕಲ್ಲ, ನಿಂತೇ ಇರುವುದಕ್ಕೆ! ಅದೇ ತರೀಕೆರೆ ಕಡೆಯ ಬಾಳೆಗೊನೆ ವ್ಯಾಪಾರಿಯ ಕಥೆ ಇನ್ನೂ ಚೆಂದ. ಅವರು ಜನ್ಮದಲ್ಲಿ ಸೈಕಲ್ ಹತ್ತಿದವರಲ್ಲ, ಗೊನೆ ನೇತುಹಾಕಿ ಏರಿನಲ್ಲಿ ತಳ್ಳಿಕೊಂಡು ಹೋಗುವವರು. "ಹಂಗಾದ್ರೆ ನಿಂಗೆ ಸೀಟ್ಯಾಕೆ?" ಅಂತ ಕಲ್ಲೇಶಪ್ಪ ಸೀಟನ್ನೇ ಕಿತ್ತು, ಆ ಜಾಗದಲ್ಲಿ ತಳ್ಳಲು ಒಂದು ಹಿಡಿ ಬೆಸೆದುಕೊಟ್ಟರು.

ಇಂಥವರ ಹತ್ತಿರ ನಾವು ಹೋದದ್ದು ಅಕ್ಕನ ನೌಕರಿ ಉಳಿಸಿಕೊಳ್ಳಲು.

ಅಕ್ಕ ಚೌಳಹಿರಿಯೂರು ಕಡೆ ಹಳ್ಳಿ ನರ್ಸು. ಅಲ್ಲೇ ಒಂದು ರೂಮು ಮಾಡಿಕೊಂಡಿದ್ದಾಳೆ, ಶನಿವಾರ ಸಂಜೆ ಕಡೂರಿಗೆ ಮನೆಗೆ ಬರುತ್ತಾಳೆ. ಮಕ್ಕಳಿಗೆ ಹಾಕುವ ಲಸಿಕೆಯನ್ನು ಐಸು ತುಂಬಿದ ಡಬ್ಬಿಯಲ್ಲಿಟ್ಟುಕೊಂಡು, ಬಸ್ಸು ಹೋಗದ ಹಳ್ಳಿಗಳಿಗೆ ತಲುಪಿಸಬೇಕು. ಐಸು ಕರಗಿದರೆ ಲಸಿಕೆ ಕೆಟ್ಟಿತು, ಕಂಕುಳಲ್ಲಿ ಮಗು ಇಟ್ಟುಕೊಂಡು ಕಾದ ತಾಯಂದಿರು ಕಾದದ್ದಷ್ಟೇ ಬಂತು. ಅವಳ ಮಾಮೂಲಿ ಲೇಡೀಸ್ ಸೈಕಲ್ಲಿನ ಹಿಂದಿನ ಎತ್ತರದ ಕ್ಯಾರಿಯರ್ ಮೇಲೆ ಆ ಡಬ್ಬಿ ಕಟ್ಟಿದರೆ ಸೈಕಲ್ಲು ಮುಂದೆ ಹಗುರಾಗಿ ಓಲಾಡುತ್ತಿತ್ತು. ಹಾಗೆ ಓಲಾಡಿ ಒಂದು ದಿನ ಬಿದ್ದಳು. ಮೊಣಕೈ ಜಜ್ಜಿತು.

ಅಪ್ಪನಿಗೆ ಕಡೂರಿನಲ್ಲಿ ಬಟ್ಟೆ ಅಂಗಡಿ. ಹೆಚ್ಚು ಮಾತಿಲ್ಲದವರು. ಆ ಶನಿವಾರ ಅವಳು ಮನೆಗೆ ಬಂದು ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು. "ಇನ್ನೊಂದು ಸಲ ಬಿದ್ದೆ ಅಂದ್ರೆ ರಾಜೀನಾಮೆ ಬರೆದುಕೊಟ್ಟು ಮನೆಗೆ ಬಾ. ನಿನ್ನ ಸಂಬಳ ನಂಬಿಕೊಂಡು ಈ ಮನೇಲಿ ಒಲೆ ಉರೀತಾ ಇಲ್ಲ."

ಅಕ್ಕ ತಲೆ ಎತ್ತಲಿಲ್ಲ. ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ. ಆ ನೌಕರಿ ಅವಳಿಗೆ ಒಲೆಯ ಪ್ರಶ್ನೆ ಆಗಿರಲಿಲ್ಲ ಅಂತ ನಾನು ಹೇಳಬೇಕಾಗಿಲ್ಲವಷ್ಟೆ?

ಹೀಗೆ ಆ ಭಾನುವಾರ ನಾವು ಮೂವರೂ ಕಲ್ಲೇಶಪ್ಪನವರ ಓಣಿಯಲ್ಲಿ ನಿಂತಿದ್ದೆವು. ಅಕ್ಕ ಹತ್ತಿ ತೋರಿಸಿದಳು, ತುಳಿದು ತೋರಿಸಿದಳು, ಇಳಿದು ತೋರಿಸಿದಳು. ಆಚೀಚೆ ಮನೆಯವರು ಜಗಲಿಗೆ ಬಂದು ನೋಡಿದರು. ಸೆರಗು ಒಂದಿಷ್ಟೂ ಜಾರದಂತೆ, ಬೆನ್ನು ನೆಟ್ಟಗೆ ಮಾಡಿ, ಬೇಡದಿದ್ದರೂ ಬೆಲ್ಲು ಹೊಡೆಯುತ್ತ, ಮದುವೆ ಮನೆಯಲ್ಲಿ ಆರತಿ ತಟ್ಟೆ ಹಿಡಿದವಳ ಹಾಗೆ ಅಕ್ಕ ಹೋಗಿ ಬಂದಳು. ಸೈಕಲ್ ಪೂರ್ತಿ ನಿಂತ ಮೇಲೆ ಒಂದು ಕಾಲು ಊರಿ, ಆಮೇಲೆ ಇನ್ನೊಂದು ಕಾಲು ಇಳಿಸಿದಳು. ಅಪ್ಪ ತೃಪ್ತಿಯಿಂದ ಕೆಮ್ಮಿದರು.

ಕಲ್ಲೇಶಪ್ಪ ಟೇಪು ತರಿಸಿದ್ದು ಆಮೇಲೆ. ಅದೂ ತೋಳು, ಕಾಲಿನ ಉದ್ದಕ್ಕೆ ಅಷ್ಟೇ, ಟೇಪು ಹಿಡಿದವರು ಅವರ ಹೆಂಡತಿ ಮಂಗಳಮ್ಮ. ನಂತರ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಸೈಕಲ್ಲನ್ನು ನಿಜವಾದ ಅಳತೆಯಲ್ಲೇ ಬರೆದರು. ಫ್ರೇಮು ಮುಗಿಯುವ ತನಕ ಆ ಚಿತ್ರ ಯಾರೂ ತುಳಿಯುವಂತಿಲ್ಲ. ಒಳಗಿನಿಂದ ಕಾಫಿ ತಂದ ಮಂಗಳಮ್ಮ ಅದನ್ನು ದಾಟಿ ಬರುತ್ತ, "ನಮ್ಮನೇಲಿ ದಿನಾ ರಂಗೋಲಿ ಹಾಕೋರು ಇವರೇ ಕಣಪ್ಪಾ, ನಾನಲ್ಲ" ಅಂದರು.

"ನೆಟ್ಟಗೆ ಕೂರೋ ಹೆಣ್ಣುಮಗಳು," ಅಂದರು ಕಲ್ಲೇಶಪ್ಪ, ಗೆರೆ ತೋರಿಸುತ್ತ. "ಭಾರ ಪೂರ್ತಿ ಹಿಂದಿನ ಚಕ್ರಕ್ಕೆ ಬೀಳುತ್ತೆ. ಅದಕ್ಕೆ ಡಬ್ಬಿ ಮುಂದೆ ಇರಬೇಕು, ತಗ್ಗಲ್ಲಿ. ಹೆದರ್ಬೇಡಿ ಸ್ವಾಮಿ, ಮಗು ತೂಗಿದಂಗೆ ಹೋಗುತ್ತೆ."

ಬೆಸುಗೆಯ ದಿನ ನಾನು ರೈಲು ಹತ್ತಿ ಬೀರೂರಿಗೆ ಹೋಗಿ ನೋಡಿದೆ. ಕೆಂಪಗೆ ಕಾದ ಜಾಯಿಂಟಿನ ಮೇಲೆ ಬಿಳಿಗಾರದ ಪುಡಿ ಉದುರಿಸಿ ಹಿತ್ತಾಳೆ ಕಡ್ಡಿ ಮುಟ್ಟಿಸಿದರೆ, ಅದು ಬೆಣ್ಣೆಯಂತೆ ಕರಗಿ ಸಂದಿಯೊಳಗೆ ತಾನೇ ನುಗ್ಗಿ ಮಾಯ. ಆ ಹೊತ್ತಿನಲ್ಲಿ ಕಲ್ಲೇಶಪ್ಪ ಉಸಿರನ್ನೂ ಬಿಡುತ್ತಿರಲಿಲ್ಲ. ಮುಗಿದ ಮೇಲೆ ಮಾತ್ರ ನಿಲ್ಲಿಸಲಾಗದ ಮಾತು. "ಜಿಲ್ಲೇಲಿ ಇನ್ಯಾರಾದ್ರೂ ಹಿಂಗೆ ಬೆಸೀತಾರೆ ಅಂದ್ರೆ ಹೇಳು, ಅವರ ಕಾಲಿಗೆ ಬಿದ್ದು ಬತ್ತೀನಿ." ಜಂಬ? ಹೌದು. ಆದರೆ ಆ ಬೆಸುಗೆ ನೋಡಿದವರು ಜಂಬವನ್ನು ಕ್ಷಮಿಸುತ್ತಾರೆ.

ಎಲೆಹಸಿರು ಬಣ್ಣದ ಆ ಸೈಕಲ್ಲು ಮನೆ ಮುಂದೆ ನಿಂತಾಗ ಬೀದಿಯೇ ಬಂದು ನೋಡಿತು. ಅಪ್ಪ ಒದ್ದೆ ಬಟ್ಟೆಯಿಂದ ತಾವೇ ಒರೆಸಿದರು.

ಮುಂದಿನ ಶನಿವಾರ ಮನೆಗೆ ಬಂದ ಅಕ್ಕ ಸೆಖೆಯಲ್ಲೂ ಉದ್ದ ತೋಳಿನ ರವಿಕೆ ತೊಟ್ಟಿದ್ದಳು. ನನ್ನನ್ನು ಹಿತ್ತಿಲಿಗೆ ಕರೆದಳು.

"ಲೇ, ಇಳಿಜಾರಲ್ಲಿ ಹ್ಯಾಂಡಲ್ಲು ತಲೆ ಕೊಡವುತ್ತೆ ಕಣೋ. ದೆವ್ವ ಹಿಡಿದಂಗೆ."

"ಬಿದ್ಯಾ?"

"ಬೀಳಲಿಲ್ಲ. ಬೇಲಿಗೆ ಒರಗಿದೆ."

"ಬೇಲಿಗೆ ಒರಗೋದನ್ನ ಬೀಳೋದು ಅಂತ ಬರ್ಕೊಳ್ಲಾ?"

"ಬರಿ, ನಿನ್ನ ಡೈರಿನ ಒಲೆಗೆ ಹಾಕ್ತೀನಿ."

ಮಾರನೆಯ ಬೆಳಿಗ್ಗೆ ಬೀರೂರಿನ ಗೆಳತಿಯ ಮನೆಗೆ ಅಂತ ಹೇಳಿ ಹೊರಟಳು, ಜೊತೆಗೆ ನಾನು. ಅಪ್ಪನಿಗೆ ವಿಷಯ ಗೊತ್ತಾದರೆ ಮುಗಿಯಿತು. ಕಲ್ಲೇಶಪ್ಪನ ಕೈಯಲ್ಲೂ ಆಗದಿದ್ದರೆ? ಆಗಲೂ ಮುಗಿಯಿತು.

ದೂರು ಕೇಳಿ ಕಲ್ಲೇಶಪ್ಪ ಕೆಂಡವಾದರು. "ನನ್ನ ಫ್ರೇಮು ತಲೆ ಕೊಡವುತ್ತಾ? ರೋಡು ಕೊಡವಿರಬೇಕು!" ಆದರೂ ಸೈಕಲ್ಲನ್ನು ಬೆಳಕಿಗೆ ತಂದು ಸುತ್ತ ನೋಡಿದರು. ಸೀಟಿನ ಮೇಲೆ ಕೈಯಾಡಿಸಿದರು. ಅದೂ ಹೊಸತೇ. ಮೂತಿಯ ಹತ್ತಿರ ಚರ್ಮ ಉಜ್ಜಿ ನುಣುಪಾಗಿತ್ತು, ಹಿಂದಿನ ಅಗಲ ಭಾಗದಲ್ಲಿ ಅಂಗಡಿಯ ಹೊಳಪು ಹಾಗೇ ಇತ್ತು. ಅವರು ತಲೆ ಎತ್ತಿ ಅಕ್ಕನನ್ನೇ ನೋಡಿದರು.

"ಈ ಸೈಕಲ್ ಯಾರು ತುಳೀತಾರವ್ವಾ?"

"ನಾನೇ."

"ಅವತ್ತು ತುಳಿದವಳು ಇವಳಲ್ಲ."

ಅಕ್ಕನ ಕಿವಿ ಕೆಂಪಾಯಿತು. "ನಾಳೆ ಬತ್ತೀನಿ ನಿಮ್ಮ ಚೌಳಹಿರಿಯೂರಿಗೆ," ಅಂದರು ಕಲ್ಲೇಶಪ್ಪ. "ಯಾವ ಮೋರಿ ಹತ್ರ, ಎಷ್ಟೊತ್ತಿಗೆ ಅಂತ ಕೇಳಬೇಡ."

ಸೋಮವಾರ ಕಲ್ಲೇಶಪ್ಪ, ನಾನು ಇಬ್ಬರೂ ಇಳಿಜಾರಿನ ಬುಡದ ಮೋರಿಕಟ್ಟೆಯ ಮೇಲೆ ತಲೆಗೆ ಟವೆಲ್ ಹೊದ್ದು ಕೂತೆವು. ದೂರದಲ್ಲಿ ಧೂಳು ಎದ್ದಿತು. ಯಾರೋ ಬರುತ್ತಿದ್ದರು. ಸೆರಗು ಸೊಂಟಕ್ಕೆ ಬಿಗಿದು, ಎದೆಯನ್ನು ಹ್ಯಾಂಡಲ್ಲಿನ ಮೇಲೆ ಬಗ್ಗಿಸಿ, ಸೀಟಿನ ತುದಿಗೆ ಅಂಟಿಕೊಂಡು, ಮೊಣಕೈ ಎರಡೂ ಕಡೆ ಚಾಚಿ, ಮೇಲ್ ಗಾಡಿಯ ಹಾಗೆ. ನಮ್ಮ ಮುಂದೆ ಸರ್ರನೆ ಹೋದ ಮೇಲೆ ಗೊತ್ತಾಯಿತು, ಅದು ನಮ್ಮ ಅಕ್ಕ. ಒಂದೇ ಮನೆಯಲ್ಲಿ ಬೆಳೆದವನು ನಾನು. ಆ ಹೆಂಗಸನ್ನು ಅವತ್ತಿನವರೆಗೂ ನೋಡಿರಲಿಲ್ಲ.

ಆಚೆ ಹಳ್ಳಿಯ ಮರದ ಕೆಳಗೆ ತಾಯಂದಿರು ಕಾಯುತ್ತಿದ್ದರು. ಅಕ್ಕ ಸೈಕಲ್ಲು ಓಡುತ್ತಿರುವಾಗಲೇ ಹಾರಿ ಇಳಿದು, ಅದರ ಜೊತೆಗೆ ನಾಲ್ಕು ಹೆಜ್ಜೆ ಓಡಿ ನಿಲ್ಲಿಸಿದಳು. ಕಲ್ಲೇಶಪ್ಪ ತೊಡೆ ತಟ್ಟಿ ಎದ್ದರು. "ನೋಡ್ದಾ? ಇವಳು ನಿಂತ ಮೇಲೆ ಇಳಿಯೋಳಲ್ಲ ಕಣೋ, ಇಳಿದ ಮೇಲೆ ನಿಲ್ಸೋಳು!"

ನಾವು ನಡೆದು ಹತ್ತಿರ ಹೋಗುವಷ್ಟರಲ್ಲಿ ಅಕ್ಕನ ಕೆಲಸ ಮುಗಿಯುತ್ತ ಬಂದಿತ್ತು. ನಮ್ಮನ್ನು ಕಂಡು ಗಡಿಬಿಡಿಯಿಂದ ಸೆರಗು ಬಿಚ್ಚಿ ಹೊದ್ದುಕೊಂಡಳು.

"ಅವತ್ತು ಯಾಕವ್ವಾ ಹಂಗೆ ತುಳಿದು ತೋರಿಸಿದೆ?" ಕಲ್ಲೇಶಪ್ಪನ ದನಿಯಲ್ಲಿ ಕೋಪಕ್ಕಿಂತ ನೋವಿತ್ತು.

"ಐಸು ಕರಗುತ್ತಲ್ಲ, ನಿಧಾನ ಹೋದ್ರೆ ಆಗುತ್ತಾ? ಆದ್ರೆ ಅಪ್ಪನ ಮುಂದೆ ಹಿಂಗೆ ತುಳಿಯೋಕಾಗುತ್ತಾ, ನೀವೇ ಹೇಳಿ?"

ಕಲ್ಲೇಶಪ್ಪ ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ನೋಡಿದರು. "ತಪ್ಪು ನಂದೇ. ನಾನು ಅವತ್ತು ನಿನ್ನ ಅಳತೆ ತಗೊಳ್ಳಲಿಲ್ಲ. ನಿಮ್ಮಪ್ಪನ ಕಣ್ಣಿನ ಅಳತೆ ತಗೊಂಡು ಫ್ರೇಮ್ ಮಾಡ್ಬಿಟ್ಟೆ. ನೀನು ಬಗ್ಗಿದ್ರೆ ನಿನ್ನ ಭಾರ, ಡಬ್ಬಿ ಭಾರ ಎಲ್ಲಾ ಮುಂದಿನ ಚಕ್ರದ ಮೇಲೆ. ತಲೆ ಕೊಡವದೆ ಇನ್ನೇನು ಮಾಡುತ್ತೆ, ಪಾಪ?"

ಇದನ್ನು ಬರೆಯುವಾಗ ಯೋಚಿಸಿದೆ. ಟೈಲರ್ ಟೇಪು ಸುತ್ತುವಾಗ ಹೊಟ್ಟೆ ಒಳಗೆಳೆದುಕೊಳ್ಳುವವರು ನಾವು. ಆಮೇಲೆ ಪ್ಯಾಂಟು ಬಿಗಿಯಾಯಿತೆಂದು ಅವನನ್ನೇ ಬೈಯುತ್ತೇವೆ. ಆ ಟೈಲರ್‌ಗಳಲ್ಲಿ ಎಷ್ಟು ಜನ "ತಪ್ಪು ನಂದೇ" ಅಂದಾರು? ಕಲ್ಲೇಶಪ್ಪ ಅಂದರು. ಜಿಲ್ಲೆಯಲ್ಲೇ ತನ್ನ ಸಮ ಇಲ್ಲ ಅನ್ನುವ ಮನುಷ್ಯ, ಹಳ್ಳಿ ಮರದ ಕೆಳಗೆ, ಅಷ್ಟು ಹೆಂಗಸರ ಎದುರು. ನನಗೆ ಅವರ ಬೆಸುಗೆಗಿಂತ ಆ ಮಾತು ದೊಡ್ಡದಾಗಿ ಕಂಡಿತು.

ಹಸಿರು ಫ್ರೇಮನ್ನು ನಿರ್ದಯವಾಗಿ ಕತ್ತರಿಸಿದರು. ನೆಲದ ಮೇಲೆ ಹೊಸ ಚಿತ್ರ ಬಂತು. ಸೈಕಲ್ಲು ಒಂದು ಗೇಣು ಉದ್ದವಾಯಿತು. ಡಬ್ಬಿ ಹಿಂದಕ್ಕೆ ಹೋಯಿತು, ಆದರೆ ಕ್ಯಾರಿಯರಿನ ಎತ್ತರದಲ್ಲಲ್ಲ, ಚಕ್ರದ ಪಕ್ಕದ ತಗ್ಗಿನಲ್ಲಿ. ಹಾರಿ ಇಳಿಯುವ ಕಾಲಿಗೆ ಏನೂ ಅಡ್ಡ ಬರದಂತೆ ನಡುವಿನ ಪೈಪು ಇನ್ನಷ್ಟು ಬಾಗಿತು.

"ಒಂದು ಕಂಡೀಷನ್ನು," ಅಂದರು. "ತಗೊಂಡು ಹೋಗೋ ದಿನ ನಿಮ್ಮಪ್ಪನೂ ಬರಬೇಕು. ಅವರ ಮುಂದೇನೇ ನೀನು ನಿನ್ನ ಸವಾರಿ ತೋರಿಸಬೇಕು. ಕದ್ದು ತುಳಿಯೋರಿಗೆ ನಾನು ಫ್ರೇಮ್ ಕಟ್ಟಲ್ಲ."

ಹೋದ ಭಾನುವಾರ ಅಪ್ಪ ಅಕ್ಕನನ್ನು ತಮ್ಮ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದರು. ಬೇಲಿಯ ವಿಷಯ ದಾರಿಯಲ್ಲಿ ಅಕ್ಕನೇ ಹೇಳಿದಳು. ಅಪ್ಪ ತುಳಿಯುತ್ತಲೇ ಇದ್ದರು. ಓಣಿಯ ತುದಿಯಲ್ಲಿ ಅಕ್ಕ ಸೈಕಲ್ ಹಿಡಿದು ಒಂದು ಕ್ಷಣ ನಿಂತಳು. ಆಮೇಲೆ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

ಬಂದಳು ನೋಡಿ! ಓಣಿಯ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ಕಲ್ಲು ತುಂಬಿದ ಡಬ್ಬಿ ಹಿಂದೆ ಇತ್ತು, ಹ್ಯಾಂಡಲ್ಲು ಮಿಸುಕಲಿಲ್ಲ. ಅಪ್ಪನ ಎದುರಿಗೇ ಹಾರಿ ಇಳಿದು, ಓಡಿ, ನಿಲ್ಲಿಸಿದಳು. ಏದುಸಿರು ಬಿಡುತ್ತ ಅಪ್ಪನನ್ನೇ ನೋಡಿದಳು. ಈ ಸಲ ತಲೆ ತಗ್ಗಿಸಲಿಲ್ಲ.

ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಕಲ್ಲೇಶಪ್ಪನ ಕಡೆ ತಿರುಗಿ, "ಇಷ್ಟು ಜೋರಿಗೆ ಈ ಬ್ರೇಕು ಸಾಕೇನಪ್ಪಾ?" ಅಂದರು.

ಅಕ್ಕನ ನೌಕರಿ ಉಳಿದದ್ದು ಆ ಪ್ರಶ್ನೆಯಲ್ಲಿ. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಹೊರಡುವಾಗ ಕಲ್ಲೇಶಪ್ಪ ಗೋಡೆಗೆ ಒರಗಿಸಿದ್ದ ಅಪ್ಪನ ಸೈಕಲ್ಲು ನೋಡಿ, "ಸ್ವಾಮಿ, ಇದು ನಿಮಗೂ ಎತ್ತರ. ಒಂದು ಸಲ ತುಳಿದು ತೋರಿಸ್ತೀರಾ?" ಅಂದರು. ಮೂರು ಹೊತ್ತೂ ಛತ್ರಿ ಸಿಕ್ಕಿಸಿಕೊಂಡು, ಎಮ್ಮೆಗೂ ದಾರಿ ಬಿಟ್ಟು ಹೋಗುವ ಅಪ್ಪ. ತೋರಿಸುವುದಕ್ಕೇನಿದೆ?

ಅಪ್ಪ ಓಣಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ನೋಡಿ ಗಂಟಲು ಸರಿಮಾಡಿಕೊಂಡರು.

"ನೀವಿಬ್ರೂ ಸ್ಟೇಷನ್ ಹತ್ರ ಹೋಗಿ ಟೀ ಕುಡಿದು ಬನ್ನಿ."

ಹೋದೆವು. ಡೈರಿಯಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ.

ಅದಿರಲಿ, ನಿಮ್ಮ ಅಳತೆ ಸರಿಯಾಗಿ ಸಿಗಬೇಕಾದರೆ ಯಾರನ್ನು ಟೀ ಕುಡಿಯಲು ಕಳಿಸಬೇಕು?