ಪಾವಗಡದ ಬೀದಿಗೆ ಕಟ್ಟಿದ್ದ ಫ್ಲೆಕ್ಸ್

ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಮೆಣಸಿನಕಾಯಿ ಹರವುತ್ತಿದ್ದೆ. ಸೀರೆ ಸಾಲದೆ ಅರ್ಧ ಕಾಯಿ ಮಂಕರಿಯಲ್ಲೇ ಉಳಿದಿತ್ತು. ಆಗ ಮಧುಗಿರಿಯಿಂದ ಹುಡುಗಿಯ ಫೋನು ಬಂತು.

“ಅತ್ತೆ, ವಕೀಲರಮ್ಮಂಗೆ ನಾಳೆ ಪಾವಗಡದಲ್ಲಿ ಸನ್ಮಾನವಂತೆ. ನಾನು ಹಿಂದ್ಗಡೆ ಕುಂತ್ಕಂಡು ನೋಡ್ಬೇಕು. ಒಬ್ಳೇ ಹೋಗಕ್ಕೆ ಧೈರ್ಯ ಇಲ್ಲ. ಬತ್ತೀಯಾ?”

ಈ ಹುಡುಗಿಯ ಹೆಸರು ಬರೆಯುವುದಿಲ್ಲ. ಯಾವ ಊರು, ಯಾರ ಮಗಳು ಎಂದೂ ಬರೆಯುವುದಿಲ್ಲ. ಬೇಕರಿಯಲ್ಲಿ ಕೆಲಸ ಕೊಡಿಸುತ್ತೇನೆಂದು ಒಬ್ಬ ಹೆಂಗಸು ಅವಳನ್ನು ದೂರದ ಊರಿಗೆ ಕರೆದೊಯ್ದು ಮಾರಿದಳು. ಪೊಲೀಸರು ಬಿಡಿಸಿ ತಂದ ಮೇಲೆ ಅವಳ ಪರವಾಗಿ ನಿಂತವರು ಮಧುಗಿರಿಯ ವಕೀಲೆ ಶಾರದಮ್ಮ. ಫೀಸಿನ ಮಾತೆತ್ತದೆ ಓಡಾಡಿ, ಮಾರಿದವರಿಗೆ ಜೈಲಾಗುವವರೆಗೂ ಬಿಡಲಿಲ್ಲ. ಈಗ ಹುಡುಗಿ ಮಧುಗಿರಿಯಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಅವಳ ಹಿಂದಿನದು ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗದಿದ್ದರೆ ಸಾಕು, ದಿನಾ ದೀಪ ಹಚ್ಚುವಾಗ ನಾನು ಕೇಳುವುದು ಅಷ್ಟೇ.

ಶನಿವಾರ ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ತಾವರೆಕೆರೆಯಿಂದ ಶಿರಾಕ್ಕೆ ಬಂದೆ. ಶಿರಾದಿಂದ ಮಧುಗಿರಿಗೆ ಸರ್ಕಾರಿ ಬಸ್ಸು. ಹೆಂಗಸರು ಆಧಾರ್ ತೋರಿಸಿದರೆ ಸಾಕು, ಟಿಕೆಟ್ಟಿಗೆ ದುಡ್ಡಿಲ್ಲ; ಕಿಟಕಿ ಪಕ್ಕ ಸೀಟೂ ಸಿಕ್ಕಿತು. ಮಧುಗಿರಿಯಲ್ಲಿ ಹುಡುಗಿ ಕಾಯುತ್ತಿದ್ದಳು. ಧೂಳಿಗೆಂದು ದುಪ್ಪಟ್ಟಾವನ್ನು ಮುಖಕ್ಕೆಲ್ಲ ಸುತ್ತಿಕೊಂಡು ಕಣ್ಣು ಮಾತ್ರ ಬಿಟ್ಟಿದ್ದಳು. ಮುಂದಿನದು ಖಾಸಗಿ ಬಸ್ಸು. ನಾನು ಅಭ್ಯಾಸಬಲದಿಂದ ಆಧಾರ್ ಕಾರ್ಡು ಚಾಚಿದೆ.

“ಇದನ್ನ ನೋಡಿ ನಾನೇನ್ ಮಾಡ್ಲಿ ಕಣಮ್ಮ? ದುಡ್ಡು ತೆಗೀರಿ” ಎಂದ ಕಂಡಕ್ಟರ್. ತಲೆಗೆ ಎಂಬತ್ತು ರೂಪಾಯಿ. ಹುಡುಗಿ ನಕ್ಕಳು. ಅವಳು ನಕ್ಕಿದ್ದು ಕೇಳಿ ನೂರರವತ್ತು ದಂಡವಾಗಲಿಲ್ಲ ಅನ್ನಿಸಿತು.

ದಾರಿಯಲ್ಲಿ ಅವಳು ಚೀಲದಿಂದ ಒಂದು ಪೊಟ್ಟಣ ಬಿಚ್ಚಿ ತೋರಿಸಿದಳು. ವಕೀಲರು ಕೊರಳಿಗೆ ಕಟ್ಟಿಕೊಳ್ಳುವ ಬಿಳಿ ಪಟ್ಟಿ, ಅವಳೇ ಹೊಲಿದದ್ದು. “ಎಲ್ಲರ ಮುಂದೆ ಕೊಡಲ್ಲ ಅತ್ತೆ. ಜನ ಹೋದ್ಮೇಲೆ ಕೊಡ್ತೀನಿ.”

ಸುಮಾರು ಅರವತ್ತು ಕಿಲೋಮೀಟರ್ ದಾರಿ ಬಂಡೆ, ಬಿಸಿಲು ನೋಡುವುದರಲ್ಲೇ ಮುಗಿಯಿತು. ಪಾವಗಡದಲ್ಲಿ ಶನಿವಾರದ ಜಾತ್ರೆಯಂಥ ಜನ, ಎಲ್ಲರೂ ಶನಿಮಹಾತ್ಮನ ಗುಡಿಯ ಕಡೆಗೆ. ಬಸ್ಸಿಳಿದು ಹತ್ತು ಮಾರು ನಡೆದಿಲ್ಲ, ಹುಡುಗಿ ನನ್ನ ಸೆರಗು ಹಿಡಿದು ನಿಂತುಬಿಟ್ಟಳು.

ಎರಡು ಕಂಬಗಳ ನಡುವೆ ಫ್ಲೆಕ್ಸ್. ವಕೀಲರಮ್ಮನ ಚಿತ್ರ ಒಂದು ಮೂಲೆಯಲ್ಲಿ ಅಂಗೈಯಗಲ. ಸನ್ಮಾನ ಸಮಿತಿಯ ಅಧ್ಯಕ್ಷ ಮಾತ್ರ ಕೈಮುಗಿದುಕೊಂಡು ಆಳೆತ್ತರ. ಕೆಳಗೆ “ನ್ಯಾಯ ಪಡೆದ ನೊಂದ ಯುವತಿ” ಎಂದು ಬರೆದು ಹುಡುಗಿಯ ಹೆಸರು, ಅವಳ ಊರು, ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿದ ಅವಳ ಮುಖ.

“ಅತ್ತೆ, ಅದ್ರಲ್ಲಿ ನಾನು ನಗ್ತಾ ಇದೀನಿ” ಎಂದಳು.

ಆ ಅಧ್ಯಕ್ಷನ ಗುರುತು ನನಗಿತ್ತು. ದೂರು ಕೊಡಲು ಹೊರಟ ದಿನ ಹುಡುಗಿಯ ತಾಯಿಯನ್ನು ಅಡ್ಡಗಟ್ಟಿ, “ಕೇಸು ಗೀಸು ಬ್ಯಾಡ ಕಣಮ್ಮ, ರಾಜಿ ಮಾಡ್ಕಳಿ. ಹೆಣ್ಮಗಳ ಮರ್ವಾದೆ ಬೀದಿಗೆ ಬತ್ತದೆ” ಎಂದಿದ್ದವನು ಇವನೇ. ಆಗ ಬೀದಿಗೆ ಬಾರದ ಮರ್ಯಾದೆಯನ್ನು ಈಗ ಹಗ್ಗ ಕಟ್ಟಿ ಬೀದಿಗೆ ನೇತುಹಾಕಿದ್ದ. ಹುಡುಗಿಯ ಮುಖಕ್ಕೆ ದುಪ್ಪಟ್ಟಾ ಇತ್ತಲ್ಲ, ಸದ್ಯ, ಅದೊಂದು ದೇವರ ದಯೆ.

ವಕೀಲರಮ್ಮನಿಗೆ ಫೋನು ಮಾಡಿದೆ. ಸನ್ಮಾನಕ್ಕೆಂದು ರೇಷ್ಮೆ ಸೀರೆ ಉಟ್ಟಿದ್ದವರು ಆಟೋದಲ್ಲಿ ಬಂದಿಳಿದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಚುರುಕ್ಕೆಂದಿತು. ಆಮೇಲೆ ತಿಳಿಯಿತು: ಅವರು ನೋಡಿದ್ದರೆ ಜನರೂ ನೋಡುತ್ತಿದ್ದರು.

ಅಷ್ಟರಲ್ಲಿ ಅಧ್ಯಕ್ಷನೂ ಶಾಲು ಹಿಡಿದವರೊಂದಿಗೆ ಬಂದ. “ಬನ್ನಿ ಮೇಡಂ, ವೇದಿಕೆ ಆ ಕಡೆ. ಆ ಹುಡ್ಗಿಗೂ ಹೇಳಿ ಕಳ್ಸಿ, ಅವಳಿಗೂ ಒಂದು ಶಾಲು ಹಾಕ್ಬುಡಾನ.”

“ನಂಗೆ ಶಾಲು ಬೇಡ. ಚಾಕು ಕೊಡಿ” ಎಂದರು ವಕೀಲರಮ್ಮ.

ಶಾಲಿನವರು ಅಧ್ಯಕ್ಷನ ಮುಖ ನೋಡಿದರು. ಕಂಬದ ಬುಡದಲ್ಲಿ ಹೂ ಮಾರುತ್ತಿದ್ದ ಮುದುಕಿ, “ಇದೋ, ತೀಸ್ಕೋಮ್ಮಾ” ಎಂದು ತೆಲುಗಿನಲ್ಲಿ ಹೇಳಿ ದಾರ ಕತ್ತರಿಸುವ ಚಾಕು ಕೊಟ್ಟು, ತಾನು ಕೂತಿದ್ದ ಸ್ಟೂಲನ್ನೂ ತಳ್ಳಿದಳು. ವಕೀಲರಮ್ಮ ಸೆರಗು ಸಿಕ್ಕಿಸಿ ಸ್ಟೂಲು ಹತ್ತಿದರು. ಸ್ಟೂಲು ಅಲ್ಲಾಡದಂತೆ ನಾನು ಹೋಗಿ ಹಿಡಿದುಕೊಂಡೆ.

“ನಿಮ್ಮ ಗೌರವಕ್ಕೇ ಅಲ್ವಾ ಮೇಡಂ ಕಟ್ಸಿದ್ದು?” ಎಂದ ಅವನು.

“ಯಾರಿಗೂ ಕೇಳಿಸ್ಬಾರ್ದು ಅಂತ ಕೋರ್ಟಿನ ಬಾಗ್ಲು ಹಾಕ್ಸಿ ಆ ಮಗು ಕೈಲಿ ಸಾಕ್ಷಿ ಹೇಳ್ಸಿದೀನಿ. ನೀವು ಬಸ್‌ಸ್ಟ್ಯಾಂಡಲ್ಲಿ ಹೆಸ್ರು ಹಾಕಿದೀರ. ಇದು ಅಪರಾಧ, ಸ್ವಾಮಿ. ದೂರು ಕೊಡ್ತೀನಿ.”

“ಅಯ್ಯೋ, ಗೊತ್ತಾಗ್ಲಿಲ್ಲ ಮೇಡಂ, ರಾಜಿ ಮಾಡ್ಕಳಾನ ಬುಡಿ...”

ನನಗೆ ತಡೆಯಲಾಗಲಿಲ್ಲ. “ಅವತ್ತೂ ರಾಜಿ, ಇವತ್ತೂ ರಾಜಿ! ನಿನ್ ಬಾಯಿಗೆ ಬೇರೆ ಮಾತೇ ಬರಲ್ವೇನಪ್ಪ?” ಎಂದುಬಿಟ್ಟೆ. ಹೂವಿನ ಮುದುಕಿ ಕಿಸಕ್ಕನೆ ನಕ್ಕಳು. ಅವನು ಶಾಲಿನವರನ್ನು ಕರೆದುಕೊಂಡು ಜಾಗ ಖಾಲಿ ಮಾಡಿದ.

ವಕೀಲರಮ್ಮ ಹಗ್ಗ ಕೊಯ್ದು ಫ್ಲೆಕ್ಸ್ ಇಳಿಸಿ, ಹುಡುಗಿಯ ಹೆಸರು, ಮುಖ ಇದ್ದ ತುಂಡನ್ನು ಕತ್ತರಿಸಿ ದೂರಿಗೆಂದು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಉಳಿದದ್ದನ್ನು ನಾನು ಸುತ್ತಿ ಕಂಕುಳಿಗೆ ಸಿಕ್ಕಿಸಿದೆ. ಎಷ್ಟು ಜನ ನೋಡಿದ್ದರೋ, ಎಷ್ಟು ಮಂದಿ ಮೊಬೈಲಿನಲ್ಲಿ ಹಿಡಿದಿದ್ದರೋ, ಅದನ್ನು ಯಾವ ಚಾಕು ಕತ್ತರಿಸೀತು?

ಸನ್ಮಾನ ನಡೆಯಲಿಲ್ಲ. ಗುಡಿಯ ಹಿಂದೆ, ಜನವಿಲ್ಲದ ಕಡೆ, ಹುಡುಗಿ ಪೊಟ್ಟಣ ಕೊಟ್ಟಳು. ವಕೀಲರಮ್ಮ ಬಿಳಿ ಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸಿದರು. “ಸೋಮವಾರ ಇನ್ನೊಂದು ಹುಡ್ಗಿ ಸಾಕ್ಷಿ ಇದೆ. ಇದನ್ನೇ ಕಟ್ಕೊಂಡು ಹೋಗ್ತೀನಿ ಮಗಳೇ” ಎಂದರು. ಹುಡುಗಿ ಆಗ ಅತ್ತಳು. ನಾನು ಗುಡಿಯೊಳಗೆ ಹೋಗಿ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿದೆ. ದೇವರ ಮುಂದೆ ಒಳ್ಳೆಯದನ್ನೇ ಬೇಡಬೇಕು ಎನ್ನುತ್ತಾರೆ. ಅವತ್ತು ನಾನು ಬೇಡಿದ್ದು ಒಳ್ಳೆಯದಲ್ಲ.

ವಾಪಸು ಬರುವಾಗ ಚಿತ್ರಾನ್ನ ಹಳಸಿರಲಿಲ್ಲ. ಮೂವರೂ ಬಸ್ಸಿನಲ್ಲೇ ತಿಂದೆವು. ಮಧುಗಿರಿಯಲ್ಲಿ ಇಳಿದ ಹುಡುಗಿ, ಮತ್ತೆ ಮುಖಕ್ಕೆ ಸುತ್ತಿಕೊಂಡಿದ್ದ ದುಪ್ಪಟ್ಟಾ ಬಿಚ್ಚದೆಯೇ ಕೈಬೀಸಿದಳು. ಅವಳ ಪಕ್ಕದಲ್ಲಿ ವಕೀಲರಮ್ಮ ನಡೆದು ಹೋಗುತ್ತಿದ್ದರು.

ಭಾನುವಾರ ಪೂಜೆ ಮುಗಿಸಿ ಮಾಳಿಗೆ ಹತ್ತಿ ಫ್ಲೆಕ್ಸ್ ಬಿಡಿಸಿದೆ. ಅಧ್ಯಕ್ಷನ ಮುಖ ಮೇಲೆ ಬರುವಂತೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟೆ.

“ಮಗುಚಿ ಹಾಸ್ಬಾರ್ದೇನೇ? ಬಿಳೀ ಕಡೆ ಚೆನ್ನಾಗಿರ್ತದೆ” ಎಂದರು ನಮ್ಮ ಯಜಮಾನರು ಮೆಟ್ಟಿಲಿನಿಂದ.

“ಹಿಂಗೇ ಇರ್ಲಿ ಬುಡಿ” ಎಂದು, ಮಂಕರಿಯಲ್ಲಿ ಉಳಿದಿದ್ದ ಮೆಣಸಿನಕಾಯಿಯನ್ನೆಲ್ಲ ಅವನ ಕಣ್ಣಿನ ಮೇಲೆ ಸುರಿದು, ಮುಗಿದ ಕೈಯವರೆಗೂ ಹರವತೊಡಗಿದೆ.